ಬಡಿಗತನದ ಹತಾರಗಳನ್ನು ಕೆಡದಂತೆ ಇಡುವ ಬಗೆ

ಒಕ್ಕಲುತನದ ಮನೆಯಲ್ಲಿ ಬಡಿಗತನದ ಕೆಲವು ಹತಾರಗಳು ಇದ್ದೇ ಇರುತ್ತವೆ. ಕೊಡಲಿ, ಬಾಚಿ, ಎರಡು ಮೂರು ಉಳಿ, ಕೈಗರಗಸ, ರಂದಾ, ಬೈರಿಗೆ, ಕೊಡತಿ, ಸುತ್ತಿಗೆ, ಕಾನಸು ಇವಿಷ್ಟಿದ್ದರೆ ಸಡಿಲಾದ ಕುಂಟೆಯ ತಾಳು, ಸೀಳಿದ ಕೂರಿಗೆಯ ದಿಂಡು, ಮುರಿದ ಸಲಿಕೆಯ ಕಾವು ಮುಂತಾದವನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳಬಹುದು. ಹಿಂದೆ ಊರಿನ ಬಡಿಗರು ಸುಗ್ಗಿಯಲ್ಲಿ ಆಯ ಪಡೆದು ವರ್ಷವಿಡೀ ರೈತರ ಸಾಮಾನುಗಳನ್ನು ಸರಿಪಡಿಸಿ ಕೊಡುತ್ತಿದ್ದರು. ಈಗ ಆ ಪದ್ಧತಿ ಬಹಳ ಕಡಿಮೆಯಾಗಿರುವುದರಿಂದ ಸಣ್ಣಪುಟ್ಟ ದುರಸ್ತಿಯನ್ನು ರೈತರೇ ಮಾಡಿಕೊಳ್ಳಬೇಕಾಗಿದೆ.

ಅಥಣಿ ತಾಲೂಕಿನ ಕೊಕಟನೂರ ಮತ್ತು ಸುತ್ತಲಿನ ಹಳ್ಳಿಗಳು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿವೆ. ಈ ವಲಯದಲ್ಲಿ ವರ್ಷಕ್ಕೆ ಸರಾಸರಿ 465 ರಿಂದ 786 ಮಿ.ಮೀ. ಮಳೆಯಾಗುತ್ತದೆ. ಹಿಂಗಾರಿ ಜೋಳವನ್ನು ಸಪ್ಟೆಂಬರ್ ತಿಂಗಳ ಎರಡನೆಯ ಹದಿನೈದು ದಿನಗಳಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಬೇಕು. ಭೂಮಿಯ ಹದ ಯಾರಿಗೂ ಕಾಯುವುದಿಲ್ಲ. ಅಂಥ ಸಮಯದಲ್ಲಿ ಕೂರಿಗೆ ಮುರಿದು, ಜಂತಿಗೆ ಸಿಕ್ಕಿಸಿದ್ದ ಗರಗಸವನ್ನು ತೆಗೆದು ನೋಡಿದಾಗ ಹಲ್ಲುಗಳಿಗೆ ತುಕ್ಕು ಹಿಡಿದಿದ್ದರೆ, ಉಳಿಯ ಬಾಯಿ ಮೊಂಡಾಗಿದ್ದರೆ, ಬಿತ್ತಿಗೆಯ ಒಂದು ದಿನವೇ ಹೋಗುತ್ತದೆ. ಹತಾರಗಳು ದುಡಿದು ಸವೆಯುವುದಕ್ಕಿಂತ ಇಟ್ಟಲ್ಲಿ ಕೆಡುವುದೇ ಹೆಚ್ಚು. ಆದ್ದರಿಂದ ಅವುಗಳನ್ನು ಇಡುವ ಜಾಗ ಮತ್ತು ರೀತಿಯ ಕಡೆಗೆ ಗಮನ ಕೊಡುವುದು ಅವಶ್ಯ.

ತುಕ್ಕು ಹಿಡಿಯಲು ಕಾರಣ

ಕಬ್ಬಿಣ, ನೀರು ಮತ್ತು ಗಾಳಿ ಈ ಮೂರೂ ಕೂಡಿದಾಗ ತುಕ್ಕು ಉಂಟಾಗುತ್ತದೆ. ಗಾಳಿಯಲ್ಲಿನ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ನ್ನು ದಾಟಿದರೆ ಕಣ್ಣಿಗೆ ನೀರು ಕಾಣದಿದ್ದರೂ ತುಕ್ಕು ವೇಗವಾಗಿ ಬೆಳೆಯುತ್ತದೆ. ನಮ್ಮದು ಒಣ ಸೀಮೆ ಎಂದು ನಿಶ್ಚಿಂತರಾಗಿರುವಂತಿಲ್ಲ. ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಬೆಳಗಿನ ತೇವದ ಗಾಳಿ ತಗುಲಿದಾಗ ಅದರ ಮೇಲೆ ಇಬ್ಬನಿಯಂತೆ ನೀರು ಕೂಡುತ್ತದೆ. ಉಪ್ಪಿನ ಅಂಶ ಸೇರಿದರಂತೂ ಕಡಿಮೆ ತೇವದಲ್ಲಿಯೂ ತುಕ್ಕು ಹಿಡಿಯುತ್ತದೆ. ಕೈಯ ಬೆವರಿನಲ್ಲಿಯೂ ಉಪ್ಪು ಇರುವುದರಿಂದ ಕೆಲಸ ಮುಗಿದ ಕೂಡಲೇ ಹತಾರವನ್ನು ಒಣ ಬಟ್ಟೆಯಿಂದ ಒರೆಸಬೇಕು.

ಹಸಿ ಜಾಲಿ ಕಟ್ಟಿಗೆಯನ್ನು ಕೊಯ್ದಾಗ ಗರಗಸದ ಮೇಲೆ ಕಪ್ಪು ಕಲೆ ಬೀಳುವುದನ್ನು ರೈತರು ನೋಡಿರುತ್ತಾರೆ. ಜಾಲಿಯಲ್ಲಿರುವ ಒಗರು ಪದಾರ್ಥವು ಕಬ್ಬಿಣದೊಡನೆ ಕೂಡಿ ಈ ಕಲೆಯಾಗುತ್ತದೆ. ಹಸಿ ಪುಡಿಯನ್ನು ಹಲ್ಲುಗಳ ಸಂದಿಯಲ್ಲಿ ಬಿಡದೆ ಆಗಿಂದಾಗಲೇ ಬ್ರಷ್‌ನಿಂದ ತೆಗೆಯಬೇಕು.

ಎಲ್ಲಿ ಇಡಬಾರದು?

1. ಗೊಬ್ಬರದ ಕೋಣೆಯಲ್ಲಿ: ಯೂರಿಯಾ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಮ್ಯುರೇಟ್ ಆಫ್ ಪೊಟ್ಯಾಶ್ ಎಂಬುದು ಕ್ಲೋರೈಡ್ ಲವಣವಾಗಿದ್ದು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಖಾಲಿಯಾದ ಗೊಬ್ಬರದ ಚೀಲದಲ್ಲಿ ಹತಾರಗಳನ್ನು ಸುತ್ತಿಡುವ ರೂಢಿ ಹಲವೆಡೆ ಇದೆ. ಚೀಲದ ನೇಯ್ಗೆಯಲ್ಲಿ ಉಳಿದ ಲವಣವೇ ತುಕ್ಕಿಗೆ ಸಾಕು. ಈ ರೂಢಿಯನ್ನು ಬಿಡಬೇಕು.

2. ದನದ ಕೊಟ್ಟಿಗೆಯಲ್ಲಿ: ಸಗಣಿ, ಗಂಜಲದಿಂದ ಅಲ್ಲಿ ಸದಾ ತೇವವಿರುತ್ತದೆ.

3. ಮಣ್ಣಿನ ಗೋಡೆಗೆ ತಾಗಿಸಿ: ಸವಳು ಮಣ್ಣಿನ ಗೋಡೆಯಲ್ಲಿ ಬಿಳಿ ಉಪ್ಪು ಮೇಲೇಳುತ್ತದೆ. ಗೋಡೆಗೆ ಒತ್ತಿ ತೂಗುಹಾಕಿದ ಗರಗಸಕ್ಕೆ ಗೋಡೆಯ ಕಡೆಯ ಮೈಯಲ್ಲಿಯೇ ಮೊದಲು ತುಕ್ಕು ಕಾಣುವುದು ಇದರಿಂದಲೇ.

4. ಒಲೆಯ ಮೇಲ್ಭಾಗದಲ್ಲಿ ಅಥವಾ ಬಿಸಿಲಿನಲ್ಲಿ: ಕಾವುಗಳು ಅತಿಯಾಗಿ ಒಣಗಿ ಸಡಿಲಾಗುತ್ತವೆ. ಕಟ್ಟಿಗೆಯ ರಂದಾ ಡೊಂಕಾಗಿ ತಳ ಸಮನಾಗಿ ಕೂಡುವುದಿಲ್ಲ.

ಗೋಡೆಯ ಹಲಗೆ

ಪಡಸಾಲೆಯಲ್ಲಿ ಅಥವಾ ಒಣಗಿದ ಕೋಣೆಯಲ್ಲಿ 4 ಅಡಿ ಉದ್ದ, 2½ ಅಡಿ ಅಗಲದ ಒಂದು ಹಲಗೆ ಒಂದು ಮನೆಯ ಹತಾರಗಳಿಗೆ ಸಾಕಾಗುತ್ತದೆ. ಬೇವಿನ ಹಲಗೆಗಳನ್ನು ಜೋಡಿಸಿಕೊಳ್ಳಬಹುದು. ಬೇವಿಗೆ ಗೆದ್ದಲಿನ ಕಾಟ ಕಡಿಮೆ. ಹಲಗೆಯ ಹಿಂದೆ 2 ಅಂಗುಲ ದಪ್ಪದ ಪಟ್ಟಿಗಳನ್ನು ಕೊಟ್ಟು ಗೋಡೆಗೆ ಬಿಗಿಯಬೇಕು. ಆಗ ಹಿಂದೆ ಗಾಳಿಯಾಡುತ್ತದೆ, ಗೋಡೆಯ ತೇವ ಹತಾರಗಳಿಗೆ ತಟ್ಟುವುದಿಲ್ಲ. ಹಲಗೆಯ ಕೆಳ ಅಂಚು ಚಿಕ್ಕ ಮಕ್ಕಳ ಕೈಗೆ ನಿಲುಕದಂತೆ ನೆಲದಿಂದ 4 ಅಡಿ ಮೇಲಿರಬೇಕು. ಭಾರದ ಕೊಡಲಿ, ಬಾಚಿಗಳನ್ನು ತಲೆಯ ಮಟ್ಟಕ್ಕಿಂತ ಮೇಲೆ ಇಡಬಾರದು.

ಪ್ರತಿಯೊಂದು ಹತಾರವನ್ನು ಹಲಗೆಯ ಮೇಲಿಟ್ಟು ಅದರ ಸುತ್ತ ಬಣ್ಣದಿಂದ ಗೆರೆ ಎಳೆಯಬೇಕು. ನೆರೆಯವರು ಒಯ್ದ ಹತಾರ ಮರಳಿ ಬಂದಿಲ್ಲವೆಂಬುದು ಖಾಲಿ ಗೆರೆಯನ್ನು ನೋಡಿದ ಕೂಡಲೇ ತಿಳಿಯುತ್ತದೆ. ಹೊಲದಲ್ಲಿ ಮರೆತು ಬಿಟ್ಟದ್ದೂ ಅದೇ ಸಂಜೆ ಗೊತ್ತಾಗುತ್ತದೆ.

ಬಾಯಿಗೆ ಬಾಯಿ ತಾಗಬಾರದು

ಎಲ್ಲ ಹತಾರಗಳನ್ನು ಒಂದೇ ಬುಟ್ಟಿಯಲ್ಲಿ ಹಾಕಿದರೆ ಒಂದರ ಬಾಯಿ ಇನ್ನೊಂದಕ್ಕೆ ಬಡಿದು ಮೊಂಡಾಗುತ್ತದೆ. ಉಳಿಗಳಿಗೆ ತೂತು ಕೊರೆದ ಪಟ್ಟಿಯನ್ನು ಹಲಗೆಗೆ ಜೋಡಿಸಿ, ಬಾಯಿ ಕೆಳಗಾಗಿ ಇಳಿಸಬೇಕು. ಬಾಯಿಯ ಮುಂದೆ ಇನ್ನೊಂದು ಪಟ್ಟಿ ಇದ್ದರೆ ಕೈಗೆ ಗಾಯವಾಗುವುದಿಲ್ಲ. ರಂದಾದ ಅಲಗನ್ನು ಒಳಗೆ ಸರಿಸಿ, ತಳವನ್ನು ಎರಡು ತೆಳು ಪಟ್ಟಿಗಳ ಮೇಲೆ ಇಡಬೇಕು. ಕಾನಸುಗಳನ್ನು ಒಂದರ ಮೇಲೊಂದು ಇಟ್ಟರೆ ಹಲ್ಲು ಹೋಗುತ್ತವೆ. ಅವುಗಳಿಗೆ ಬೇರೆ ಬೇರೆ ಸಂದು ಮಾಡಬೇಕು, ಎಣ್ಣೆ ಸವರಬಾರದು.

ಗರಗಸದ ಹಲ್ಲುಗಳ ರಕ್ಷಣೆಗೆ ಹಣ ಖರ್ಚು ಮಾಡಬೇಕಾಗಿಲ್ಲ. ಹನಿ ನೀರಾವರಿಯ 16 ಮಿ.ಮೀ. ಹಳೆಯ ಪೈಪನ್ನು ಗರಗಸದಷ್ಟು ಉದ್ದ ಕತ್ತರಿಸಿ, ಒಂದು ಬದಿಗೆ ಉದ್ದಕ್ಕೂ ಸೀಳಿ, ತೊಳೆದು ಒಣಗಿಸಿ ಹಲ್ಲುಗಳ ಮೇಲೆ ತೊಡಿಸಬೇಕು. ಕೊಡಲಿ, ಬಾಚಿಗಳ ಬಾಯಿಗೂ ಇದೇ ಪೈಪಿನ ತುಂಡನ್ನು ತೊಡಿಸಿ ದಾರದಿಂದ ಕಟ್ಟಬಹುದು.

ಹಲಗೆಗೆ ಜಾಗವಿಲ್ಲದ ಮನೆಯಲ್ಲಿ ಒಳಗೆ 30 ಅಂಗುಲ ಉದ್ದವಿರುವ ಕಟ್ಟಿಗೆಯ ಪೆಟ್ಟಿಗೆ ಮಾಡಿಸಬಹುದು. ಅದನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಗಳ ಮೇಲೆ ಇಡಬೇಕು. ಇದರಿಂದ ತೇವ ಮತ್ತು ಗೆದ್ದಲು ಎರಡರಿಂದಲೂ ರಕ್ಷಣೆ ಸಿಗುತ್ತದೆ. ಒದ್ದೆಯಾದ ಹತಾರವನ್ನು ಒಣಗಿಸದೆ ಪೆಟ್ಟಿಗೆಯಲ್ಲಾಗಲಿ ಪ್ಲಾಸ್ಟಿಕ್ ಚೀಲದಲ್ಲಾಗಲಿ ಮುಚ್ಚಿಡಕೂಡದು.

ಯಾವ ಎಣ್ಣೆ?

ಕಬ್ಬಿಣದ ಭಾಗಗಳಿಗೆ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳುವಾದ ಎಣ್ಣೆ ಉತ್ತಮ. ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಸವರಿದರೆ ಸಾಕು. ಅದು ಇಲ್ಲದಿದ್ದರೆ ಔಡಲ ಎಣ್ಣೆ ನಡೆಯುತ್ತದೆ. ಏಕೆಂದರೆ ಅದು ಒಣಗಿ ಗಟ್ಟಿಯಾಗುವುದಿಲ್ಲ. ಕುಸುಬೆ ಮತ್ತು ಅಗಸೆ ಎಣ್ಣೆಗಳು ಗಾಳಿಗೆ ಅಂಟಾಗುವುದರಿಂದ ಅಲಗಿಗೆ ಸಲ್ಲವು. ಆದರೆ ಅಗಸೆ ಎಣ್ಣೆ ಕಟ್ಟಿಗೆಯ ಕಾವುಗಳಿಗೆ ಬಹಳ ಒಳ್ಳೆಯದು. ಇಲ್ಲಿ ಒಂದು ಎಚ್ಚರಿಕೆ: ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಅದನ್ನು ಕಣಕಿಯ ಬಣವೆಯಿಂದ ದೂರ, ಬಿಡಿಸಿ ಹರವಿ ಒಣಗಿಸಬೇಕು. ಇಂಜಿನ್‌ನಿಂದ ತೆಗೆದ ಹಳೆಯ ಎಣ್ಣೆಯಲ್ಲಿ ಚರ್ಮಕ್ಕೆ ಅಪಾಯಕಾರಿ ಪದಾರ್ಥಗಳಿರುವುದರಿಂದ ಕೈಯಲ್ಲಿ ಹಿಡಿಯುವ ಹತಾರಗಳಿಗೆ ಬಳಸಬಾರದು.

ಸಡಿಲಾದ ಕಾವು

ಬೇಸಿಗೆಯಲ್ಲಿ ಕಾವು ಸಡಿಲಾದರೆ ಕೊಡಲಿಯನ್ನು ನೀರಿನಲ್ಲಿ ನೆನೆಹಾಕುವುದು ರೂಢಿ. ನೆನೆದ ಕಟ್ಟಿಗೆ ಉಬ್ಬಿ ಕಬ್ಬಿಣದ ತೂತಿನೊಳಗೆ ಒತ್ತಿಕೊಳ್ಳುತ್ತದೆ, ಅದರ ಎಳೆಗಳು ಜಜ್ಜುತ್ತವೆ. ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ, ಒಳಗೆ ತುಕ್ಕೂ ಹಿಡಿಯುತ್ತದೆ. ಬೀಸಿದಾಗ ಕೊಡಲಿ ಹಾರಿ ಎದುರಿನವರಿಗೆ ಬಡಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಚೆನ್ನಾಗಿ ಒಣಗಿದ ಜಾಲಿಯ ಕಾವನ್ನು ಕೂಡಿಸಿ ಗಟ್ಟಿ ಬೆಣೆ ಹೊಡೆಯುವುದೇ ಸರಿಯಾದ ಉಪಾಯ.

ವರ್ಷದ ಆರೈಕೆ

ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಎಲ್ಲ ಹತಾರಗಳನ್ನು ಇಳಿಸಿ ತುಕ್ಕನ್ನು ಎಮರಿ ಕಾಗದದಿಂದ ತಿಕ್ಕಿ, ಸಾಣೆ ಹಿಡಿದು, ಎಣ್ಣೆ ಸವರಬೇಕು. ಆಗಸ್ಟ್ ಕೊನೆಯಲ್ಲಿ, ಹಿಂಗಾರಿ ಬಿತ್ತಿಗೆಗೆ ಮೊದಲು, ಇನ್ನೊಮ್ಮೆ ನೋಡಬೇಕು. ಖಂಡೇನವಮಿಯಂದು ನಮ್ಮಲ್ಲಿ ಹತಾರಗಳನ್ನು ತೊಳೆದು ಪೂಜಿಸುವುದು ಒಳ್ಳೆಯ ಸಂಪ್ರದಾಯ. ಆದರೆ ಪೂಜೆಯ ನೀರು, ನಿಂಬೆಯ ರಸ, ಒದ್ದೆ ಅರಿಷಿಣ ಕುಂಕುಮ ಕಬ್ಬಿಣದ ಮೇಲೆ ದಿನಗಟ್ಟಲೆ ಉಳಿದರೆ ತುಕ್ಕು ಹಿಡಿಯುತ್ತದೆ. ಮರುದಿನ ಬನ್ನಿ ಹಬ್ಬದಂದು ಅವುಗಳನ್ನು ಒರೆಸಿ ಎಣ್ಣೆ ಸವರಿ ಹಲಗೆಗೆ ಸೇರಿಸಬೇಕು.

ಹತಾರದಿಂದ ಗಾಯವಾದರೆ, ತುಕ್ಕು ಇರಲಿ ಇಲ್ಲದಿರಲಿ, ಸಾಬೂನು ಮತ್ತು ನೀರಿನಿಂದ ತೊಳೆದು ವೈದ್ಯರ ಸಲಹೆಯಂತೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಈ ರೋಗದ ಜೀವಾಣುಗಳು ಮಣ್ಣು ಮತ್ತು ಸಗಣಿಯಲ್ಲಿರುತ್ತವೆ.

ಈ ಕ್ರಮಗಳಿಗೆ ಬೇಕಾಗುವುದು ಒಂದು ಹಲಗೆ, ಹಳೆಯ ಪೈಪಿನ ತುಂಡು, ಸ್ವಲ್ಪ ಎಣ್ಣೆ ಮತ್ತು ಕೆಲಸ ಮುಗಿದ ಮೇಲೆ ಐದು ನಿಮಿಷ ಮಾತ್ರ. ರೈತ ಬಾಂಧವರು ಇವನ್ನು ಅನುಸರಿಸಿದಲ್ಲಿ ಒಮ್ಮೆ ಕೊಂಡ ಗರಗಸ, ಉಳಿಗಳು ಬಹುಕಾಲ ಬಾಳುವುವು, ಬಿತ್ತಿಗೆಯ ಹದದಲ್ಲಿ ಕೈಕೊಡದೆ ಕೆಲಸಕ್ಕೆ ಒದಗುವುವು.