ಗವಿಯ ಮಣ್ಣಿನಲ್ಲಿ ಕಡಲ ಎಲುಬು

ಪಳೆಯುಳಿಕೆಯ ವಯಸ್ಸೂ ಅದು ಸಿಕ್ಕ ಮಣ್ಣಿನ ವಯಸ್ಸೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಕಡಲ ತಳದ ಕೆಸರಿನಲ್ಲಿ ಹೂತು ಕಲ್ಲಾದ ಎಲುಬು, ಆ ಪದರ ಮೇಲೆದ್ದು ನೆಲವಾಗಿ ಸವೆಯತೊಡಗಿದಾಗ ಕಳಚಿಕೊಳ್ಳುತ್ತದೆ. ಮಳೆನೀರು ಅದನ್ನು ಹೊತ್ತೊಯ್ದು ಸುಣ್ಣಕಲ್ಲಿನ ಬಿರುಕಿಗೋ ಗವಿಗೋ ಇಳಿಸಿದರೆ, ಈಚಿನ ಜಿಂಕೆ, ಬಾವಲಿಗಳ ಎಲುಬಿನ ಜೊತೆ ಅದು ಎರಡನೆಯ ಸಲ ಹೂತುಹೋಗುತ್ತದೆ. ಇದೇ ಮರುನಿಕ್ಷೇಪ. ಇಕ್ತಿಯೋಸಾರ್ ಎಂಬ ಕಡಲ ಸರೀಸೃಪಗಳು ಸುಮಾರು 25 ಕೋಟಿ ವರ್ಷಗಳ ಹಿಂದೆ ಹುಟ್ಟಿ ಸುಮಾರು 9 ಕೋಟಿ ವರ್ಷಗಳ ಹಿಂದೆ ಅಳಿದವು. ಅವುಗಳ ಕಶೇರುಮಣಿಗಳು ಎರಡೂ ಬದಿ ತಗ್ಗಾದ ದಪ್ಪ ಬಿಲ್ಲೆಗಳಂತಿರುತ್ತವೆ; ಕಲ್ಲಾದ ಮೇಲೆ ಇಂಥ ಪಯಣವನ್ನು ತಾಳಿಕೊಳ್ಳಬಲ್ಲವು.

ಹೊರಗಿನಿಂದ ಬಂದ ಎಲುಬನ್ನು ಗುರುತಿಸುವುದು ಸೂಕ್ಷ್ಮದ ಕೆಲಸ. ಅಂಚುಗಳು ಉಜ್ಜಿ ನುಣುಪಾಗಿರಬಹುದು, ತಗ್ಗುಗಳಲ್ಲಿ ಗವಿಯದಲ್ಲದ ಮಣ್ಣು ಗಟ್ಟಿಯಾಗಿ ಅಂಟಿರಬಹುದು. ಇದಕ್ಕಿಂತ ನೆಚ್ಚಬಹುದಾದದ್ದು ರಾಸಾಯನಿಕ ಪರೀಕ್ಷೆ. ಹೂತ ಎಲುಬು ಅಂತರ್ಜಲದಿಂದ ಫ್ಲೋರಿನ್, ಯುರೇನಿಯಂ ಮತ್ತು ವಿರಳ ಭಸ್ಮ ಧಾತುಗಳನ್ನು ಹೀರಿಕೊಳ್ಳುತ್ತದೆ. ಒಂದೇ ಮಣ್ಣಿನಲ್ಲಿ ಒಟ್ಟಿಗೆ ಮಲಗಿದ ಎಲುಬುಗಳಲ್ಲಿ ಇವುಗಳ ಪ್ರಮಾಣ ಹೆಚ್ಚುಕಡಿಮೆ ಹೊಂದುತ್ತದೆ. ಬೇರೆಡೆಯಿಂದ ಬಂದದ್ದು ಹೊಂದುವುದಿಲ್ಲ.

ಬಳ್ಳಾರಿ ಸೀಮೆಯಲ್ಲಿ ಇಂಥ ಎಲುಬು ಸಿಗಲಾರದು. ಬಳ್ಳಾರಿ ಕೋಟೆಯ ಗುಡ್ಡವೂ ಕುರುಗೋಡಿನ ಗುಡ್ಡಗಳೂ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಕರಗಿದ ಶಿಲಾರಸ ತಣಿದು ಆದ ಕಲ್ಲಿನಲ್ಲಿ ಪಳೆಯುಳಿಕೆ ಇರುವುದಿಲ್ಲ. ಸುಣ್ಣಕಲ್ಲಿನಂತೆ ಅದು ನೀರಿಗೆ ಕರಗಿ ಗವಿಯಾಗುವುದೂ ಇಲ್ಲ. ಇಲ್ಲಿನ ಗವಿಗಳೆಂದರೆ ಬಂಡೆಗಳ ನಡುವಿನ ಸಂದುಗಳು. ಸಿರುಗುಪ್ಪದ ಎರೆಮಣ್ಣು, ತುಂಗಭದ್ರೆಯ ಮೆಕ್ಕಲು ಈಚಿನವು, ಮತ್ತು ಹೊಳೆಯ ಮೇಲ್ಭಾಗದಲ್ಲಿಯೂ ಡೈನೋಸಾರ್ ಕಾಲದ ಕಡಲ ಪದರಗಳಿಲ್ಲ. ಸಂಗನಕಲ್ಲು ಮತ್ತು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಉತ್ಖನನಗಳಲ್ಲಿ ಸಿಕ್ಕ ದನಕರುಗಳ ಎಲುಬುಗಳು ನವಶಿಲಾಯುಗದ ಜನ ಸಾಕಿದವುಗಳದು.

ನಿಜವಾದ ಗವಿ ನಿಕ್ಷೇಪಕ್ಕೆ ಪೂರ್ವಕ್ಕೆ ಸುಮಾರು 130 ಕಿ.ಮೀ. ಹೋಗಬೇಕು. ಆಂಧ್ರದ ಬೇತಂಚರ್ಲ ಬಳಿಯ ಬಿಲ್ಲಾ ಸುರ್ಗಂ ಗವಿಗಳ ಎಲುಬುಗಳನ್ನು 1844ರಲ್ಲಿ ವರದಿ ಮಾಡಿದವನು ಸೇನಾಧಿಕಾರಿ ನ್ಯೂಬೋಲ್ಡ್. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿಗುಡ್ಡದ ಬಗ್ಗೆ ಬರೆದವನೂ ಇವನೇ. 1884–85ರಲ್ಲಿ ಬಿಲ್ಲಾ ಸುರ್ಗಂನಲ್ಲಿ ಅಗೆಸಿದ ರಾಬರ್ಟ್ ಬ್ರೂಸ್ ಫೂಟ್ ಮುಂದೆ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥವನ್ನೇ ಪ್ರಕಟಿಸಿದ. ಎಲುಬುಗಳನ್ನು 1886ರಲ್ಲಿ ವಿವರಿಸಿದ ಲಿಡೆಕರ್ ಅವುಗಳಲ್ಲಿ ಒಂದು ಘೇಂಡಾಮೃಗಕ್ಕೆ ಕರ್ನೂಲಿನ ಹೆಸರಿಟ್ಟ. ತಮಿಳುನಾಡಿನ ತಿರುಚಿರಾಪಳ್ಳಿ ಸೀಮೆಯ ಕಶೇರುಮಣಿಗಳಿಗೆ 1879ರಲ್ಲಿ 'ಇಕ್ತಿಯೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟವನೂ ಇವನೇ. ಹೀಗೆ ಕಡಲ ಸರೀಸೃಪವೂ ಗವಿಯ ಸಸ್ತನಿಯೂ ಒಬ್ಬನ ಮೇಜಿನ ಮೇಲೆ ಬಂದವು, ಒಂದು ಗವಿಯಲ್ಲಿ ಮಾತ್ರ ಕೂಡಲಿಲ್ಲ. ಕಾರಣ ಸ್ಪಷ್ಟ: ಬಿಲ್ಲಾ ಸುರ್ಗಂನ ಸುಣ್ಣಕಲ್ಲು ಎಲುಬಿರುವ ಜೀವಿಗಳು ಹುಟ್ಟುವ ಮೊದಲಿನದು, ಗೋಡೆ ಸವೆದರೂ ಅದರಿಂದ ಎಲುಬು ಉದುರುವುದಿಲ್ಲ.

ಆದರೂ ಗವಿಯ ಒಳಗೇ ನೀರು ಹರಿದು, ಮುಳ್ಳುಹಂದಿ ಬಿಲ ತೋಡಿ, ಕೆಳಪದರದ ಎಲುಬು ಮೇಲಕ್ಕೆ ಸೇರಬಹುದು. ಆದ್ದರಿಂದ ಎಲುಬಿನ ಜೊತೆಗೆ ಮಣ್ಣಿನ ಕಾಲವನ್ನೂ ಪದರಪದರವಾಗಿ ಅಳೆಯಬೇಕು. ಅಲ್ಲಿ ಹಾಗೆ ಅಳೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗವಿಯ ದಾಖಲೆ 2 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಗುರುತಿಸಲಾದ ಸಸ್ತನಿಗಳಲ್ಲಿ ಬಹುಪಾಲು ಭಾರತ ಉಪಖಂಡದಲ್ಲಿ ಇಂದಿಗೂ ಬದುಕಿವೆ.