ಬಾಣಂತಿಯ ತಲೆನೋವನ್ನು ಕಡೆಗಣಿಸದಿರಿ

ಆಯುರ್ವೇದವು ಶಿರಸ್ಸನ್ನು ಉತ್ತಮಾಂಗವೆಂದು ಕರೆದಿದೆ. ಸುಶ್ರುತಾಚಾರ್ಯರು ಶಿರೋರೋಗಗಳನ್ನು 11 ವಿಧವಾಗಿ ವಿಂಗಡಿಸಿ, ಅವುಗಳಲ್ಲಿ ‘ಶಂಖಕ’ವೆಂಬುದನ್ನು ಮೃತ್ಯುಸಮಾನವೆಂದು ಎಣಿಸಿದ್ದಾರೆ. ಎಲ್ಲ ತಲೆನೋವುಗಳೂ ಎಣ್ಣೆ, ಲೇಪಗಳಿಂದ ಶಮನವಾಗತಕ್ಕವಲ್ಲವೆಂಬ ಅರಿವು ನಮ್ಮ ಪೂರ್ವಾಚಾರ್ಯರಿಗೆ ಇತ್ತು. ರಕ್ತ ಹೆಪ್ಪುಗಟ್ಟುವುದರಿಂದ ಉಂಟಾಗುವ ತಲೆನೋವು ಅಂತಹ ಎಚ್ಚರವನ್ನು ಬೇಡುವಂಥದು.

ಮೆದುಳಿಗೆ ಹರಿದುಹೋದ ರಕ್ತವು ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳಬೇಕು. ಆ ಹಾದಿಯಲ್ಲಿ ರಕ್ತವು ಹೆಪ್ಪುಗಟ್ಟಿದರೆ, ಕೆರೆಗೆ ನೀರು ಬರುತ್ತಲೇ ಇದ್ದು ಕೋಡಿ ಮಾತ್ರ ಮುಚ್ಚಿಹೋದಂತೆ, ತಲೆಬುರುಡೆಯೊಳಗೆ ಒತ್ತಡವು ಏರತೊಡಗುತ್ತದೆ. ಆಧುನಿಕ ವೈದ್ಯರು ಇದನ್ನು ‘ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್’ ಎನ್ನುತ್ತಾರೆ. ತಲೆನೋವೇ ಇದರ ಅತಿ ಸಾಮಾನ್ಯ ಲಕ್ಷಣ. ನಮ್ಮ ದೇಶದಲ್ಲಿ ಬಾಣಂತಿಯರು ಈ ವ್ಯಾಧಿಗೆ ತುತ್ತಾಗುವುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ.

ಬಾಣಂತಿಯರಿಗೇ ಏಕೆ? ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲೆಂದು ಗರ್ಭಿಣಿಯ ರಕ್ತದಲ್ಲಿ ಹೆಪ್ಪುಗಟ್ಟುವ ಗುಣವನ್ನು ಪ್ರಕೃತಿಯೇ ಹೆಚ್ಚಿಸುತ್ತದೆ. ಈ ಗುಣವು ಹೆರಿಗೆಯ ನಂತರವೂ ಸುಮಾರು ಆರು ವಾರ ಉಳಿದಿರುತ್ತದೆ. ಇದರ ಮೇಲೆ ರಕ್ತಹೀನತೆ, ಸೋಂಕು, ದೇಹದಲ್ಲಿ ನೀರಿನ ಕೊರತೆ ಸೇರಿದರೆ ಅಪಾಯವು ಇನ್ನಷ್ಟು ಹೆಚ್ಚುತ್ತದೆ.

ಇಲ್ಲಿ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ನಂಬಿಕೆಯಿಂದ ಆಕೆಗೆ ಗುಟುಕು ನೀರನ್ನೂ ಅಳೆದು ಕೊಡುವ ರೂಢಿ ಇಂದಿಗೂ ಕೆಲವು ಮನೆಗಳಲ್ಲಿದೆ. ಬಾಣಂತಿಯನ್ನು ಬಾಯಾರಿಸಬೇಕೆಂದು ಶಾಸ್ತ್ರವು ಹೇಳುವುದಿಲ್ಲ. ಚರಕಸಂಹಿತೆಯು ಸೂತಿಕೆಗೆ ದ್ರವರೂಪದ ಯವಾಗುವನ್ನು, ಅಂದರೆ ಗಂಜಿಯನ್ನು ವಿಧಿಸಿದೆ. ಕಾಯಿಸಿದ ಬೆಚ್ಚನೆಯ ನೀರನ್ನು ಆಕೆಗೆ ಬೇಕೆನಿಸಿದಷ್ಟು ಕೊಡಿರಿ. ಹಾಲೂಡಿಸುವ ತಾಯಿಗೆ ನೀರು ಇತರರಿಗಿಂತ ಹೆಚ್ಚೇ ಬೇಕು. ಸದಾ ಮಲಗಿಸಿಡದೆ, ವೈದ್ಯರ ಸಲಹೆಯಂತೆ ಮನೆಯೊಳಗೆ ನಡೆದಾಡಿಸಿರಿ.

ಲಕ್ಷಣಗಳನ್ನು ಗುರುತಿಸುವುದು ಹೇಗೆ? ಹಿಂದೆಂದೂ ಕಾಣದ, ದಿನದಿಂದ ದಿನಕ್ಕೆ ಏರುವ, ಮಲಗಿದಾಗಲೂ ಕೆಮ್ಮಿದಾಗಲೂ ಹೆಚ್ಚಾಗುವ ತಲೆನೋವು, ವಾಂತಿ, ದೃಷ್ಟಿ ಮಸುಕಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಫಿಟ್ಸ್, ಕೈಕಾಲುಗಳ ಬಲ ಕುಗ್ಗುವುದು, ಮಾತು ತೊದಲುವುದು ಅಥವಾ ಮಂಕು ಕವಿಯುವುದು. ಸಿಸೇರಿಯನ್ ಆದವರಲ್ಲಿ ‘ಬೆನ್ನಿಗೆ ಕೊಟ್ಟ ಸೂಜಿಯ ನೋವು’ ಎಂದು ಇದನ್ನು ತಳ್ಳಿಹಾಕುವುದುಂಟು. ಆ ನೋವು ಸಾಮಾನ್ಯವಾಗಿ ಎದ್ದು ಕುಳಿತಾಗ ಹೆಚ್ಚಿ, ಮಲಗಿದಾಗ ತಗ್ಗುತ್ತದೆ. ಹಾಗಿಲ್ಲದಿದ್ದರೆ ತಡಮಾಡಬಾರದು. ಫಿಟ್ಸ್ ಬಂದಾಗ ‘ಗಾಳಿ ಸೋಕಿದೆ’ ಎಂದು ಅಂತ್ರ ಕಟ್ಟಿಸುತ್ತ ಕೂರುವುದು ಪ್ರಾಣಕ್ಕೇ ಎರವಾದೀತು.

ಇಂತಹ ಸ್ಥಿತಿಯಲ್ಲಿ ನಸ್ಯ, ಲೇಪ, ಕಷಾಯಗಳೆಂದು ನಾವು ಆಯುರ್ವೇದ ವೈದ್ಯರೂ ಕಾಲಹರಣ ಮಾಡತಕ್ಕದ್ದಲ್ಲ. ಕೂಡಲೇ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸುವುದೇ ಧರ್ಮ. ಸಾಮಾನ್ಯ ಸಿ.ಟಿ. ಸ್ಕ್ಯಾನಿನಲ್ಲಿ ಈ ವ್ಯಾಧಿ ಕೆಲವೊಮ್ಮೆ ಕಾಣಿಸದು. ಅಭಿಧಮನಿಗಳನ್ನೇ ತೋರಿಸುವ ‘ವೀನೋಗ್ರಾಂ’ ಬೇಕಾಗುತ್ತದೆ. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಮುಂತಾದ ಔಷಧಗಳಿವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಆನಂತರ ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಬೇಕಾಗಬಹುದು. ಅವನ್ನು ತಾವಾಗಿಯೇ ನಿಲ್ಲಿಸಕೂಡದು. ಜೊತೆಗೆ ಯಾವುದೇ ಗಿಡಮೂಲಿಕೆ ಸೇವಿಸುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು.

ಬಾಣಂತಿಯರಲ್ಲದವರೂ ಎಚ್ಚರದಿಂದಿರಬೇಕು. ಗರ್ಭನಿರೋಧಕ ಗುಳಿಗೆಗಳು ಕೆಲವರಲ್ಲಿ ಇದೇ ತೊಂದರೆಯನ್ನು ತರಬಲ್ಲವು. ಹಬ್ಬ, ಮದುವೆ, ಜಾತ್ರೆಗಳೆಂದು ಮುಟ್ಟನ್ನು ಮುಂದೂಡುವ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಮತ್ತೆ ಮತ್ತೆ ಗರ್ಭಪಾತವಾದವರಲ್ಲಿ, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದವರಲ್ಲಿ ‘ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್’ ಎಂಬ ದೋಷವಿರಬಹುದು. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ಇಂಥವರಿಗೆ ತೀವ್ರ ತಲೆನೋವೂ ಇದ್ದರೆ ರಕ್ತಪರೀಕ್ಷೆ ಮಾಡಿಸುವುದು ಒಳಿತು.

ತಲೆನೋವುಗಳಲ್ಲಿ ಬಹುತೇಕವು ನಿರಪಾಯವೇ, ಅಂಜಬೇಕಾದುದಿಲ್ಲ. ಆದರೆ ಮನೆಯಲ್ಲಿ ಬಾಣಂತಿಯಿದ್ದು, ‘ತಲೆ ಸಿಡಿಯುತ್ತಿದೆ’ ಎಂದು ಆಕೆ ಎರಡನೆಯ ದಿನವೂ ನುಡಿದರೆ, ಮೂರನೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಫಿಟ್ಸ್, ಮಂಕು, ದೃಷ್ಟಿದೋಷ, ಕೈಕಾಲುಗಳ ನಿಶ್ಶಕ್ತಿ ಕಂಡರೆ ಎರಡನೆಯ ಗಳಿಗೆಗೂ ಕಾಯಬೇಡಿರಿ.