ಪಕ್ಕನೆ ಆಫ್ ಆದರೆ ಅದು ವೈರಸ್ಸಂತೆ!

ಶಾಂತಿಗ್ರಾಮದ ಕಡೆ ಯಾರ ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆದರೂ ಕಾಯಿಲೆ ಒಂದೇ: ‘ವೈರಸ್ ಹೊಡ್ದೈತೆ’. ಮದ್ದೂ ಒಂದೇ: ‘ಫಾರ್ಮ್ಯಾಟ್ ಮಾಡ್ಸಿ’. ಸಿಪಿಯುವನ್ನು ಹಾಸನದ ಬಸ್ಸು ಹತ್ತಿಸುತ್ತಾರೆ, ಡೆಸ್ಕ್‌ಟಾಪಿನಲ್ಲಿದ್ದ ನಾಮಕರಣದ ಫೋಟೊಗಳಿಗೆಲ್ಲ ಎಳ್ಳುನೀರು ಬಿಟ್ಟು ವಾಪಸು ತರುತ್ತಾರೆ. ವಾರ ಕಳೆಯುವುದರೊಳಗೆ ಮತ್ತೆ ಆಫ್. ಆಗಲೂ ನಂಬಿಕೆ ಅಲುಗುವುದಿಲ್ಲ: ‘ಭಾರಿ ವೈರಸ್ಸು ಸಾರ್, ಫಾರ್ಮ್ಯಾಟಿಗೂ ಜಗ್ಗಲಿಲ್ಲ!’

ಈ ನಂಬಿಕೆಗೆ ಬುಡವೇ ಇಲ್ಲವೆಂದಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್, ಮರುವರ್ಷ ಸ್ಯಾಸರ್ ಎಂಬ ಹುಳುಗಳು ವಿಂಡೋಸ್ ಎಕ್ಸ್‌ಪಿ ಯಂತ್ರಗಳನ್ನು ನಿಜಕ್ಕೂ ಮುಚ್ಚಿಸುತ್ತಿದ್ದವು. ಆದರೆ ಆಗ ತೆರೆಯ ಮೇಲೆ 60 ಸೆಕೆಂಡಿನ ಎಣಿಕೆ ಬರುತ್ತಿತ್ತು, ಆಮೇಲೆ ಯಂತ್ರ ತಾನಾಗಿ ಮತ್ತೆ ಏಳುತ್ತಿತ್ತು. ಕರೆಂಟ್ ಕಿತ್ತಂತೆ ಸದ್ದಿಲ್ಲದೆ ಸಾಯುವುದೇ ಬೇರೆ. ಈಗಿನ ವೈರಸ್ ಬರೆಯುವವನಿಗೆ ನಿಮ್ಮ ಪಾಸ್‌ವರ್ಡ್ ಬೇಕು, ಇಲ್ಲವೇ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೀಳಬೇಕು. ಯಂತ್ರ ಆಫ್ ಆದರೆ ಅವನ ಕಸುಬೂ ಬಂದ್. ಕದ್ದುಮುಚ್ಚಿ ಕ್ರಿಪ್ಟೊ ಗಣಿಗಾರಿಕೆ ಮಾಡುವಂಥವು ಪ್ರೊಸೆಸರನ್ನು ಕಾಯಿಸುವುದುಂಟು, ಒಪ್ಪೋಣ. ಅಲ್ಲೂ ಆಫ್ ಮಾಡಿಸುವುದು ಕಾವೇ.

ಪರೀಕ್ಷೆ ಬೇಕೆ? ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಅರ್ಧ ಗಂಟೆ ಹಾಗೇ ಬಿಡಿ. ಅಲ್ಲಿ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ. ಅಲ್ಲೂ ಆಫ್ ಆಯಿತೆಂದರೆ ಫಾರ್ಮ್ಯಾಟಿನ ಮಾತೆತ್ತಬೇಡಿ. ಆಗಲಿಲ್ಲವೆಂದರೆ ವೈರಸ್ಸೆಂದು ಸಾಬೀತಾಗುವುದೂ ಇಲ್ಲ. ಬಯಾಸ್‌ನಲ್ಲಿ ಯಂತ್ರಕ್ಕೆ ಕೆಲಸವೇ ಕಡಿಮೆ. ಬಹುತೇಕ ಬಯಾಸ್‌ಗಳು ಪ್ರೊಸೆಸರಿನ ಉಷ್ಣಾಂಶವನ್ನೂ ತೋರಿಸುತ್ತವೆ. ಅದು 100 ಡಿಗ್ರಿಯ ಆಸುಪಾಸಿಗೆ ಬಂದರೆ ಪ್ರೊಸೆಸರ್ ಮೊದಲು ವೇಗ ಇಳಿಸಿಕೊಳ್ಳುತ್ತದೆ. ಇನ್ನೂ ಏರಿದರೆ ವಿಂಡೋಸನ್ನು ಕೇಳದೆಯೇ ಯಂತ್ರವನ್ನು ಆಫ್ ಮಾಡಿಸುತ್ತದೆ, ಸುಟ್ಟುಹೋಗದಿರಲೆಂದು.

ಪ್ಲಗ್ ಕಿತ್ತು ಪಕ್ಕದ ತಗಡು ಬಿಚ್ಚಿ ನೋಡಿ. ಹೆದ್ದಾರಿ 75ರ ಅಂಚಿನ ಮನೆಗಳಲ್ಲಿ ಧೂಳಿಗೇನು ಬರ? ಜೊತೆಗೆ ರಾಗಿ ಹುಲ್ಲಿನ ಧೂಳು, ಊದುಬತ್ತಿಯ ಹೊಗೆ. ಎಲ್ಲ ಸೇರಿ ಪ್ರೊಸೆಸರಿನ ಕಾವು ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ, ಫ್ಯಾನಿನ ಅಡಿಯಲ್ಲಿ, ಬೂದು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಕೆಳಗೆ ಗಾಳಿ ಇಳಿಯುವುದಿಲ್ಲ. ಇಂಟೆಲ್ ಹೀಟ್‌ಸಿಂಕಾದರೆ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮೇಲೆದ್ದಿದೆಯೇ ನೋಡಿ. ಒಂದು ಸಡಿಲವಾದರೂ ಸಾಕು, ಹೀಟ್‌ಸಿಂಕ್ ಸರಿಯಾಗಿ ಕೂರದು. ಫ್ಯಾನನ್ನು ಬೆರಳಿನಿಂದ ಹಿಡಿದು ಬ್ರಷ್ಷಿನಿಂದ ಧೂಳು ತೆಗೆಯಿರಿ, ಹೀಟ್‌ಸಿಂಕ್ ಬಿಚ್ಚಿ ಅದರಡಿ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಕಾಳಿನಷ್ಟು ಹೊಸದು ಹಾಕಿ. ಧೂಳು ಕೂರಬಾರದೆಂದು ಸಿಪಿಯುಗೆ ಹೊದಿಸಿರುವ ಆ ಕಸೂತಿ ಬಟ್ಟೆಯನ್ನು ದಯವಿಟ್ಟು ಬೀರುವಿನಲ್ಲಿಡಿ.

ಕಾವು ಸರಿಯಿದ್ದರೆ ಕರೆಂಟಿನ ಕಡೆ ತಿರುಗಿ. ‘ಬಲ್ಬು ಉರೀತಾನೇ ಇತ್ತಲ್ಲ’ ಎನ್ನುವ ವಾದ ನಿಲ್ಲದು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡು. ಪೂರ್ತಿ ಹೊರೆಯಿದ್ದಾಗ ಸಿಪಿಯುವಿನೊಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಅಷ್ಟು ಹೊತ್ತೂ ತಡೆದುಕೊಳ್ಳುವ ಖಾತರಿಯಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಡಿತಕ್ಕೂ ಅದು ಕೈಚೆಲ್ಲಬಹುದು. ಅದನ್ನು ತಡೆಯಬೇಕಾದ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಎರಡು ದಿನ ನೋಡಿ. ಆಗಲೂ ಆಫ್ ಆದರೆ ಬೇರೆ ಎಸ್‌ಎಂಪಿಎಸ್ ಹಾಕಿಸಿ. ಹಳೆಯದನ್ನು ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಷಾಕ್ ಕೊಟ್ಟೀತು.

ವಿಂಡೋಸಿನ ದಾಖಲೆ ಪಟ್ಟಿಯಾದ ಇವೆಂಟ್ ವ್ಯೂವರಿನಲ್ಲಿ ‘ಕರ್ನಲ್-ಪವರ್ 41’ ಕಂಡು ರೋಗ ಸಿಕ್ಕಿತೆಂದು ಕುಣಿಯುವವರೂ ಇದ್ದಾರೆ. ಸರಿಯಾಗಿ ಷಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ವರದಿ. ರ‍್ಯಾಮ್ ಹೆಚ್ಚಿಸಿದರೆ ಆಫ್ ಆಗುವುದು ನಿಲ್ಲುತ್ತದೆ ಎನ್ನುವವರೂ ಉಂಟು. ನಿಲ್ಲುವುದಿಲ್ಲ.

ನನಗೆ ಸೋಜಿಗವೆನಿಸುವುದು ಬೇರೆ. ತೋಟದ ಮೋಟರ್ ನಿಂತರೆ ಇದೇ ಜನ ಸ್ಟಾರ್ಟರ್ ನೋಡುತ್ತಾರೆ, ಫ್ಯೂಸ್ ನೋಡುತ್ತಾರೆ, ಮೂರೂ ಫೇಸ್ ಇದೆಯೇ ಎಂದು ಟೆಸ್ಟರ್ ಹಿಡಿಯುತ್ತಾರೆ. ರಿಪೇರಿಯವನು ಸುಳ್ಳು ಹೇಳಿದರೆ ಅಲ್ಲೇ ನೀರಿಳಿಸುತ್ತಾರೆ. ಕಂಪ್ಯೂಟರಿನ ಮುಂದೆ ಮಾತ್ರ ಆ ಬುದ್ಧಿಯೆಲ್ಲ ಬಾಗಿಲಾಚೆ ಚಪ್ಪಲಿಯ ಪಕ್ಕ. ಆಂಟಿವೈರಸ್ ಏನಾದರೂ ಹಿಡಿದರೆ ಅದರ ಹೆಸರನ್ನೂ ತೋರಿಸುತ್ತದೆ. ‘ಯಾವ ವೈರಸ್ಸಪ್ಪ, ಹೆಸರೇನು?’ ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.